ಪಾಳೆಯಗಾರರ ಗೇಮ್ ಕಟ್ಟುವುದು ಹೇಗೆ: ಕೆರೆ ನೀರಿನಿಂದ ನಿಷ್ಠೆಯವರೆಗೆ

ನಾನು ಬರೆದ ಮೊದಲ ಗೇಮಿನಲ್ಲಿ ಪ್ರತಿ ಪಾಳೆಯಗಾರನಿಗೂ ‘ನಿಷ್ಠೆ’ ಅಂತ ಒಂದೇ ಒಂದು ಅಂಕಿ ಇತ್ತು. 0ಯಿಂದ 100. ಉಡುಗೊರೆ ಕೊಟ್ಟರೆ 5 ಏರುತ್ತಿತ್ತು. ಕಪ್ಪ ಜಾಸ್ತಿ ಕೇಳಿದರೆ 5 ಇಳಿಯುತ್ತಿತ್ತು. 30ರ ಕೆಳಗೆ ಹೋದರೆ ದಂಗೆ. ಅಕ್ಕನ ಮಗ ಅರ್ಧ ಗಂಟೆ ಆಡಿದ. ಟರ್ನಿಗೊಂದು ಶಾಲು ಹೊದಿಸಿ ಹೊದಿಸಿ ಇಡೀ ಸೀಮೆಯನ್ನೇ ಕೈಯಲ್ಲಿಟ್ಟುಕೊಂಡ. ಒಬ್ಬನಿಗೆ ಮಾತ್ರ ಎರಡು ಸಲ ಮರೆತ, ಅವನು ತಿರುಗಿಬಿದ್ದ. ‘ಮಾಮ, ಇವನಿಗೇನಾಯ್ತು?’ ಅಂತ ಕೇಳಿದ. ಒಳಗೆ ನೋಡಿದೆ. 29 ಆಗಿತ್ತು. ಅಷ್ಟೇ. ಅದಕ್ಕಿಂತ ಬೇರೆ ಉತ್ತರ ನನ್ನ ಹತ್ತಿರ ಇರಲಿಲ್ಲ.

ಆಮೇಲೆ ಎಲ್ಲವನ್ನೂ ಅಳಿಸಿ ಮತ್ತೆ ಕಟ್ಟಿದೆ. ಈ ಸಲ ನಿಷ್ಠೆಯನ್ನು ಕೊನೆಗೆ ಬಿಟ್ಟೆ, ನೆಲದಿಂದ ಶುರು ಮಾಡಿದೆ. ಮಳೆ ಎಲ್ಲಿ ಬೀಳುತ್ತದೆ, ನೀರು ಯಾರ ಊರಿಂದ ಯಾರ ಊರಿಗೆ ಹರಿಯುತ್ತದೆ ಅನ್ನುವುದು ಗೊತ್ತಾದರೆ ಯಾರು ಯಾರ ಜೊತೆ ಜಗಳ ಆಡುತ್ತಾರೆ ಅನ್ನುವುದು ಅರ್ಧ ಗೊತ್ತಾದ ಹಾಗೆ. ಕೆಳಗಿನ ಹೆಜ್ಜೆಗಳು ಅದೇ ಕ್ರಮದಲ್ಲಿವೆ. ಪ್ರೋಗ್ರಾಮಿಂಗ್ ಸ್ವಲ್ಪ ಗೊತ್ತಿದ್ದರೆ ಸಾಕು.

ಶುರುವಿಗೆ ಮುಂಚೆ: ಎಷ್ಟು ದೊಡ್ಡದು, ಯಾವ ಕಾಲ

ನಾನು ಆರಿಸಿಕೊಂಡಿದ್ದು 1565ರ ನಂತರದ ಕಾಲ. ಆ ವರ್ಷ ರಕ್ಕಸತಂಗಡಿ ಕಾಳಗದಲ್ಲಿ ವಿಜಯನಗರ ಸೋತಿತು. ಅದಕ್ಕೆ ಮುಂಚೆ ನಾಯಕರಿಗೆ ಅರಸ ಸೀಮೆ ಕೊಡುತ್ತಿದ್ದ. ಅವರು ಇಂತಿಷ್ಟು ದಂಡು ಸಾಕಬೇಕಿತ್ತು, ಇಂತಿಷ್ಟು ಹಣ ಕಟ್ಟಬೇಕಿತ್ತು. ನಡುವಿನ ಕಂಬವೇ ಬಿದ್ದ ಮೇಲೆ ಕೆಳದಿ, ಚಿತ್ರದುರ್ಗ, ಮೈಸೂರು, ಹೀಗೆ ಒಬ್ಬೊಬ್ಬರೂ ತಮ್ಮ ತಮ್ಮ ಲೆಕ್ಕ ಹಾಕತೊಡಗಿದರು. ನಿಷ್ಠೆಯ ಬಗ್ಗೆ ಗೇಮ್ ಮಾಡಲು ಇದಕ್ಕಿಂತ ಒಳ್ಳೆಯ ಕಾಲ ನನಗೆ ಸಿಗಲಿಲ್ಲ.

ಅಳತೆ ಚಿಕ್ಕದಾಗಿರಲಿ. ನನ್ನದು 128×128 ಚೌಕಗಳ ಮ್ಯಾಪ್, 24 ಪಾಳ್ಯ, ಒಟ್ಟು ಸುಮಾರು 150 ಜನ. ವರ್ಷಕ್ಕೆ ಮೂರು ಟರ್ನ್: ಮುಂಗಾರು, ಹಿಂಗಾರು, ಬೇಸಿಗೆ. ಮೊದಲು 12 ತಿಂಗಳಿಗೆ 12 ಟರ್ನ್ ಇಟ್ಟಿದ್ದೆ. ಒಂಬತ್ತರಲ್ಲಿ ಆಟಗಾರ ಸುಮ್ನೆ ‘ಮುಂದೆ’ ಒತ್ತುತ್ತಾ ಕೂರುತ್ತಿದ್ದ. ಮೂರೇ ಸಾಕು: ಮಳೆ ಬಂತಾ, ಬೆಳೆ ಬಂತಾ, ದಂಡು ಹೊರಡಬಹುದಾ.

ಇಂಜಿನ್, ಅಂದರೆ ಗೇಮ್ ಕಟ್ಟುವ ತಂತ್ರಾಂಶ, ಯಾವುದಾದರೂ ಆಗುತ್ತದೆ. ನಾನು ಗೊಡೋ ಬಳಸಿದೆ, ಅದು 2014ರಿಂದ ಓಪನ್ ಸೋರ್ಸ್. ಕನ್ನಡದಲ್ಲಿ ಗೇಮ್ ಮಾಡುವವರು ಗೊಡೋ 4 ಅಥವಾ ಅದರ ಮುಂದಿನದನ್ನೇ ಹಾಕಿಕೊಳ್ಳಿ. 3ರಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ‘ಚಿತ್ರದುರ್ಗ’ ಅಂತ ಬರೆದರೆ ಒತ್ತು ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. 4ರಲ್ಲಿ ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿಕೊಂಡರೆ ಆ ತಲೆನೋವು ಮುಗಿಯಿತು.

ಹೆಜ್ಜೆ 1: ಒಂದು ಸೀಡ್, ಮೂರು ದಾಳ

ಇಡೀ ಲೋಕ ಹುಟ್ಟುವುದು ಒಂದು ಅಂಕಿಯಿಂದ, ಅದೇ ಸೀಡ್. ಅದೇ ಸೀಡ್ ಕೊಟ್ಟರೆ ಅದೇ ಲೋಕ ಮತ್ತೆ ಬರಬೇಕು. ಇಲ್ಲದಿದ್ದರೆ ಬಗ್ ಹುಡುಕುವುದು ಕತ್ತಲಲ್ಲಿ ಸೂಜಿ ಹುಡುಕಿದ ಹಾಗೆ.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಹೆಸರುಗಳ ಪಟ್ಟಿಗೆ ‘ತಿಪ್ಪಣ್ಣ’ ಅಂತ ಒಂದು ಹೆಸರು ಸೇರಿಸಿದೆ. ಗೇಮ್ ತೆರೆದು ನೋಡಿದರೆ ನದಿ ಜಾಗ ಬದಲಿಸಿತ್ತು! ಕಾರಣ ಇಷ್ಟೇ: ಹೆಸರು, ಬೆಟ್ಟ, ಮಳೆ ಎಲ್ಲವೂ ಒಂದೇ ದಾಳದಿಂದ, ಅಂದರೆ ಸೀಡಿನಿಂದ ಹೊರಡುವ ಯಾದೃಚ್ಛಿಕ ಅಂಕಿಗಳ ಒಂದೇ ಸಾಲಿನಿಂದ, ಅಂಕಿ ತೆಗೆದುಕೊಳ್ಳುತ್ತಿದ್ದವು. ನಡುವೆ ಒಂದು ಅಂಕಿ ಜಾಸ್ತಿ ಖರ್ಚಾದರೆ ಮುಂದಿನದೆಲ್ಲ ಜರುಗುತ್ತದೆ.

ಆದ್ದರಿಂದ ದಾಳಗಳನ್ನು ಬೇರೆ ಮಾಡಿ. ಮುಖ್ಯ ಸೀಡಿಗೆ ‘ನೆಲ’, ‘ಜನ’, ‘ಘಟನೆ’ ಅನ್ನುವ ಪದಗಳನ್ನು ಸೇರಿಸಿ ಹ್ಯಾಶ್ ಮಾಡಿ (ಅಂದರೆ ಆ ಅಕ್ಷರಗಳನ್ನು ಒಂದು ನಿಗದಿತ ಅಂಕಿಯಾಗಿ ಬದಲಿಸಿ) ಮೂರು ಉಪ-ಸೀಡ್ ಮಾಡಿಕೊಳ್ಳಿ. ನೆಲಕ್ಕೆ ಒಂದು ದಾಳ, ಜನಕ್ಕೆ ಒಂದು, ಆಟ ನಡೆಯುವಾಗಿನ ಘಟನೆಗಳಿಗೆ ಒಂದು. ಆಮೇಲೆ ಎಷ್ಟು ತಿಪ್ಪಣ್ಣಂದಿರು ಬಂದರೂ ನದಿ ಅಲ್ಲೇ ಇರುತ್ತದೆ.

ಹೆಜ್ಜೆ 2: ನೆಲ ಮತ್ತು ಮಳೆ

ನೆಲದ ಎತ್ತರಕ್ಕೆ ನಾಯ್ಸ್ ಬಳಸಿ, ಅಂದರೆ ಥಟ್ಟನೆ ಜಿಗಿಯದೆ ನಯವಾಗಿ ಏರಿಳಿಯುವ ಯಾದೃಚ್ಛಿಕ ಅಂಕಿಗಳು. ಕೆನ್ ಪರ್ಲಿನ್ 1985ರಲ್ಲಿ ಪ್ರಕಟಿಸಿದ ವಿಧಾನವೇ ಇವತ್ತಿಗೂ ತಳಪಾಯ. ಗೊಡೋ 4ರಲ್ಲಿ ‘ಫಾಸ್ಟ್ ನಾಯ್ಸ್ ಲೈಟ್’ ಅಂತ ಸಿದ್ಧವಾಗಿ ಸಿಗುತ್ತದೆ. ನಾಲ್ಕು ಪದರ ಸಾಕು: ದೊಡ್ಡ ದಿಣ್ಣೆ, ಅದರ ಮೇಲೆ ಸಣ್ಣ ಗುಡ್ಡ, ಅದರ ಮೇಲೆ ಇನ್ನೂ ಸಣ್ಣದು.

ಬರೀ ನಾಯ್ಸ್ ಬಿಟ್ಟರೆ ಯಾವ ದೇಶದ್ದೂ ಅಲ್ಲದ ನೆಲ ಬರುತ್ತದೆ. ನಮ್ಮ ಸೀಮೆಯ ಹಾಗೆ ಕಾಣಬೇಕಾದರೆ ಎರಡು ಸಂಗತಿ ಕೈಯಿಂದ ಸೇರಿಸಬೇಕು. ಪಶ್ಚಿಮದಲ್ಲಿ ಹತ್ತು ಚೌಕ ಕರಾವಳಿ ಬಿಟ್ಟು, ಉತ್ತರದಿಂದ ದಕ್ಷಿಣಕ್ಕೆ ಎಂಟು ಚೌಕ ಅಗಲದ ಘಟ್ಟ ಎಬ್ಬಿಸಿ. ಅದರಾಚೆಗೆ ಇಡೀ ನೆಲವನ್ನು ನಿಧಾನವಾಗಿ ಪೂರ್ವಕ್ಕೆ ಇಳಿಸಿ.

ಈಗ ಮಳೆ. ಇದು ನನಗೆ ತುಂಬಾ ಇಷ್ಟವಾದ ಭಾಗ, ಬರೀ ಹತ್ತು ಸಾಲಿನ ಕೋಡ್. ಪ್ರತಿ ಸಾಲಿನಲ್ಲೂ ಪಶ್ಚಿಮದಿಂದ ಒಂದು ಮೋಡ ಹೊರಡಿಸಿ. ಅದರಲ್ಲಿ 100 ಕೊಡ ನೀರಿದೆ ಅಂದುಕೊಳ್ಳಿ. ಸಮತಟ್ಟು ಚೌಕದಲ್ಲಿ ತನ್ನ ಬಳಿ ಇರುವುದರ 2% ಸುರಿಸುತ್ತದೆ. ಏರು ಚೌಕದಲ್ಲಿ 12%.

ಲೆಕ್ಕ ಹಾಕಿ ನೋಡೋಣ. ಕರಾವಳಿಯ ಹತ್ತು ಚೌಕ ದಾಟುವಷ್ಟರಲ್ಲಿ ಸುಮಾರು 82 ಕೊಡ ಉಳಿಯುತ್ತದೆ. ಘಟ್ಟದ ಮೊದಲ ಚೌಕದಲ್ಲೇ 10ರ ಹತ್ತಿರ ಸುರಿಯುತ್ತದೆ. ಎಂಟು ಚೌಕ ಹತ್ತಿ ಮುಗಿಸಿದಾಗ ಉಳಿದದ್ದು 29. ಆಚೆ ಬಯಲಿನ ಚೌಕಕ್ಕೆ ಸಿಗುವುದು 0.6ರಷ್ಟು. ಘಟ್ಟದ ಬುಡಕ್ಕೂ ಬಯಲಿಗೂ 16 ಪಟ್ಟು ವ್ಯತ್ಯಾಸ. ಜಾಸ್ತಿ ಅನ್ನಿಸಿತಾ? ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ, ಚಿತ್ರದುರ್ಗದಲ್ಲಿ 600ರ ಆಸುಪಾಸು. ಗೇಮಿಗೆ ಇದು ಸರಿಯಾಗೇ ಇದೆ.

ಹಿಂಗಾರಿಗೆ ಇದನ್ನೇ ತಿರುಗಿಸಿ. ಪೂರ್ವದಿಂದ 30 ಕೊಡದ ಸಣ್ಣ ಮೋಡ ಹೊರಡಿಸಿ. ಪ್ರತಿ ವರ್ಷ ಈ 100 ಮತ್ತು 30ನ್ನು ಘಟನೆ ದಾಳದಿಂದ ಹೆಚ್ಚು ಕಡಿಮೆ ಮಾಡಿದರೆ ಬರವೂ ನೆರೆಯೂ ತಾನಾಗಿ ಬರುತ್ತವೆ. ‘ಬರ’ ಅಂತ ಬೇರೆ ಘಟನೆ ಬರೆಯಬೇಕಾಗಿಲ್ಲ.

ಹೆಜ್ಜೆ 3: ಹಳ್ಳ ಮತ್ತು ಕೆರೆ

ನೀರು ಹರಿಸುವ ಮೊದಲು ಗುಂಡಿ ತುಂಬಬೇಕು. ನಾಯ್ಸ್ ನೆಲದಲ್ಲಿ ಎಲ್ಲೆಲ್ಲೋ ಮುಚ್ಚಿದ ತಗ್ಗುಗಳಿರುತ್ತವೆ, ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮ್ಯಾಪಿನ ಅಂಚಿನಿಂದ ಶುರು ಮಾಡಿ. ಇರುವುದರಲ್ಲಿ ತಗ್ಗಿನ ಚೌಕ ಎತ್ತಿಕೊಳ್ಳಿ. ಅದರ ಪಕ್ಕದವು ಅದಕ್ಕಿಂತ ಕೆಳಗಿದ್ದರೆ ಅದರ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಕ್ಕೆ ಎತ್ತಿ. ಹೀಗೆ ಒಳಕ್ಕೆ ಬನ್ನಿ. ಮುಗಿದಾಗ ಪ್ರತಿ ಚೌಕದಿಂದಲೂ ಹೊರಗೆ ದಾರಿ ಇರುತ್ತದೆ.

ಆಮೇಲೆ ಚೌಕಗಳನ್ನು ಎತ್ತರದಿಂದ ತಗ್ಗಿಗೆ ಸಾಲಾಗಿ ನಿಲ್ಲಿಸಿ, ಪ್ರತಿಯೊಂದೂ ತನ್ನ ಮಳೆ ಮತ್ತು ಮೇಲಿಂದ ಬಂದದ್ದನ್ನು ಎಂಟು ನೆರೆಯವರಲ್ಲಿ ಅತಿ ತಗ್ಗಿನವನಿಗೆ ದಾಟಿಸಲಿ. ತುಂಬಾ ನೀರು ಸೇರಿದ ಕಡೆ ನದಿ, ಮಧ್ಯಮ ಸೇರಿದ ಕಡೆ ಹಳ್ಳ.

ಈಗ ಗೇಮಿನ ಜೀವ ಇರುವ ಜಾಗಕ್ಕೆ ಬಂದೆವು. ಹಳ್ಳದ ಎರಡೂ ಬದಿಯ ದಿಣ್ಣೆ ಹತ್ತಿರ ಬರುವ ಕಡೆ, ಅಂದರೆ ಮೂರು ಚೌಕದ ಒಳಗೆ ಏರು ಸಿಗುವ ಕಡೆ, ಕೆರೆ ಕಟ್ಟಬಹುದು. ಏರಿ ಚಿಕ್ಕದು, ಹರವು ದೊಡ್ಡದು. ಪ್ರತಿ ಕೆರೆಗೂ ನಾಲ್ಕು ವಿವರ ಇಟ್ಟುಕೊಳ್ಳಿ: ಎಷ್ಟು ನೀರು ಹಿಡಿಯುತ್ತದೆ, ತೂಬು ತೆರೆದಿದೆಯಾ ಮುಚ್ಚಿದೆಯಾ, ಕೋಡಿ ಎಷ್ಟು ಎತ್ತರ, ಕೋಡಿ ಬಿದ್ದ ನೀರು ಮುಂದಿನ ಯಾವ ಕೆರೆಗೆ ಹೋಗುತ್ತದೆ. ಕೊನೆಯದು ಎಲ್ಲಕ್ಕಿಂತ ಮುಖ್ಯ. ನಮ್ಮ ಬಯಲುಸೀಮೆಯ ಕೆರೆಗಳು ಒಂಟಿ ಅಲ್ಲವಲ್ಲ, ಸರಪಳಿ. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು.

ಇಷ್ಟು ಮಾಡಿ ನಾನು ಒಂದು ಕೆರೆಯ ಕೋಡಿಯನ್ನು ಒಂದು ಮೆಟ್ಟಿಲು ಎತ್ತರಿಸಿ ನೋಡಿದೆ. ಮೇಲಿನ ಊರಿನ ಅಚ್ಚುಕಟ್ಟು ದೊಡ್ಡದಾಯಿತು. ಕೆಳಗಿನ ಎರಡು ಕೆರೆಗಳಿಗೆ ಆ ವರ್ಷ ಹನಿಯೂ ಹೋಗಲಿಲ್ಲ. ಮೂರನೇ ವರ್ಷ ಜೋರು ಮಳೆ ಬಂತು, ಎತ್ತರಿಸಿದ ಕೋಡಿಯಿಂದ ನೀರು ಬೇಗ ಹೊರಹೋಗದೆ ಏರಿ ಒಡೆಯಿತು. ಆ ರಭಸಕ್ಕೆ ಕೆಳಗಿನ ಎರಡೂ ಒಡೆದವು. ನಾನು ಇನ್ನೂ ಒಬ್ಬ ಮನುಷ್ಯನನ್ನೂ ಸೃಷ್ಟಿಸಿರಲಿಲ್ಲ, ಆಗಲೇ ಮೂರು ಊರಿಗೆ ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬರಲು ಕಾರಣ ಸಿಕ್ಕಿತ್ತು.

ಹೆಜ್ಜೆ 4: ಪಾಳ್ಯ ಎಲ್ಲಿ, ಗಡಿ ಎಲ್ಲಿ

ಪ್ರತಿ ಚೌಕಕ್ಕೂ ಅಂಕ ಕೊಡಿ. ಐದು ಚೌಕದೊಳಗೆ ಕೆರೆ ಇದ್ದರೆ ಅಂಕ. ಕಡಿದಾದ ಗುಡ್ಡ ಇದ್ದರೆ ಕೋಟೆಗೆ ಅಂಕ. ಘಟ್ಟದ ಕಣಿವೆ ದಾರಿ ಹತ್ತಿರ ಇದ್ದರೆ ಸುಂಕಕ್ಕೆ ಅಂಕ. ಎಲ್ಲಕ್ಕಿಂತ ಹೆಚ್ಚು ಅಂಕದ ಜಾಗದಲ್ಲಿ ಮೊದಲ ಪಾಳ್ಯ ಇಡಿ, ಅದರ ಸುತ್ತ ಹತ್ತು ಚೌಕ ಅಳಿಸಿ, ಮುಂದಿನದನ್ನು ಹುಡುಕಿ. 24 ಆಗುವವರೆಗೆ.

ಗಡಿ ಹಾಕಲು ದೂರ ಅಳೆಯಬೇಡಿ, ನಡಿಗೆ ಅಳೆಯಿರಿ. ಬಯಲಿಗೆ 1, ಕಾಡಿಗೆ 3, ನದಿ ದಾಟಲು 4, ಗುಡ್ಡಕ್ಕೆ 5. ಎಲ್ಲ ಪಾಳ್ಯಗಳಿಂದಲೂ ಒಟ್ಟಿಗೆ, ಅತಿ ಕಡಿಮೆ ಖರ್ಚಿನ ದಾರಿ ಹುಡುಕುವ ವಿಧಾನವಾದ ಡೈಕ್‌ಸ್ಟ್ರಾ ಓಡಿಸಿ, ಯಾರು ಮೊದಲು ಮುಟ್ಟುತ್ತಾರೋ ಚೌಕ ಅವರದು. ಗಡಿಗಳು ತಾವಾಗೇ ಹೊಳೆ, ಗುಡ್ಡದ ಸಾಲಿನ ಮೇಲೆ ಹೋಗಿ ಕೂರುತ್ತವೆ. ಅಲ್ಲೊಂದು ಇಲ್ಲೊಂದು ಕೆರೆಯ ಏರಿ ಒಬ್ಬನ ಸೀಮೆಯಲ್ಲೂ ಅಚ್ಚುಕಟ್ಟು ಇನ್ನೊಬ್ಬನ ಸೀಮೆಯಲ್ಲೂ ಬೀಳುತ್ತದೆ. ಸರಿಪಡಿಸಲು ಹೋಗಬೇಡಿ. ಅಂಥವೇ ಆಟದ ಅತ್ಯುತ್ತಮ ಜಾಗಗಳು.

ಹೆಜ್ಜೆ 5: ಜನ

ಪಾಳ್ಯಕ್ಕೆ ಆರು ಜನ ಸಾಕು: ಪಾಳೆಯಗಾರ, ಹೆಂಡತಿ, ಇಬ್ಬರು ಮಕ್ಕಳು, ದಳವಾಯಿ, ಶಾನುಭೋಗ. ಇಪ್ಪತ್ತು ಗುಣಗಳ ಪಟ್ಟಿ ಮಾಡುವ ಆಸೆ ಬರುತ್ತದೆ. ನಾನೂ ಮಾಡಿದೆ, ಆಟದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣಲಿಲ್ಲ. ಈಗ ಮೂರೇ ಇವೆ. ಆಸೆ, ಅಂದರೆ ದೊಡ್ಡವನಾಗುವ ಹಂಬಲ. ಅಂಜಿಕೆ. ಮತ್ತೆ ನೆನಪು. ಕೆಲವರು ಬೇಗ ಮರೆಯುತ್ತಾರೆ, ಕೆಲವರು ಸಾಯುವವರೆಗೂ ಬಿಡುವುದಿಲ್ಲ, ಅಲ್ವಾ? ಆ ಮೂರನೇ ಗುಣಕ್ಕೆ ಮುಂದಿನ ಹೆಜ್ಜೆಯಲ್ಲಿ ತುಂಬಾ ಕೆಲಸ ಇದೆ.

ಹೆಜ್ಜೆ 6: ಋಣದ ಪುಸ್ತಕ

ಸಂಬಂಧವನ್ನು ಅಂಕಿಯಾಗಿ ಇಡಬೇಡಿ. ಲೆಕ್ಕದ ಪುಸ್ತಕವಾಗಿ ಇಡಿ. ಅಂಗಡಿಯವನ ಸಾಲದ ಪುಸ್ತಕದ ಹಾಗೆ, ಸಾಲುಗಳು. ಅಂಕಿ ಬೇಕಾದಾಗ ಕೂಡಿಕೊಳ್ಳುವುದು.

ಪ್ರತಿ ಸಾಲಿನಲ್ಲಿ ಐದು ವಿವರ: ಯಾರು ಯಾರಿಗೆ, ಏನು ಮಾಡಿದರು, ಯಾವ ವರ್ಷ, ಎಷ್ಟು ತೂಕ, ಎಷ್ಟು ವರ್ಷಕ್ಕೆ ಅರ್ಧವಾಗುತ್ತದೆ. ನನ್ನ ಪುಸ್ತಕದ ಕೆಲವು ಸಾಲುಗಳು:

ಉಡುಗೊರೆ: +20, 2 ವರ್ಷಕ್ಕೆ ಅರ್ಧ.
ಬರದಲ್ಲಿ ಕಾಳು ಕಳಿಸಿದ್ದು: +25, 10 ವರ್ಷಕ್ಕೆ ಅರ್ಧ.
ಉಂಬಳಿ ಕೊಟ್ಟಿದ್ದು: +30, ಉಂಬಳಿ ಇರುವವರೆಗೂ ಕರಗುವುದಿಲ್ಲ.
ಬರದಲ್ಲಿ ತೂಬು ಮುಚ್ಚಿದ್ದು: −15, 8 ವರ್ಷಕ್ಕೆ ಅರ್ಧ.
ಮನೆಯವರನ್ನು ಕೊಂದಿದ್ದು: −60, 40 ವರ್ಷಕ್ಕೆ ಅರ್ಧ.

ಇವತ್ತಿನ ಬೆಲೆ ತೆಗೆಯುವುದು ಸುಲಭ. ಕಳೆದ ವರ್ಷಗಳನ್ನು ಅರ್ಧವಾಗುವ ಅವಧಿಯಿಂದ ಭಾಗಿಸಿ, 0.5ನ್ನು ಅಷ್ಟು ಘಾತಕ್ಕೆ ಏರಿಸಿ, ತೂಕಕ್ಕೆ ಗುಣಿಸಿ. ಶಾಲು ಹೊದಿಸಿ ನಾಲ್ಕು ವರ್ಷ ಆದರೆ 20 ಹೋಗಿ 5 ಆಗಿರುತ್ತದೆ. ಬರದ ಕಾಳು ಹತ್ತು ವರ್ಷವಾದರೂ 12.5. ಮನುಷ್ಯನ ‘ನೆನಪು’ ಗುಣವನ್ನು ಆ ಅವಧಿಗೆ ಗುಣಿಸಿದರೆ ಅದೇ ಘಟನೆಯನ್ನು ಇಬ್ಬರು ಬೇರೆ ಬೇರೆ ರೀತಿ ನೆನಪಿಟ್ಟುಕೊಳ್ಳುತ್ತಾರೆ.

ಶಾಲಿನ ಉಪಾಯ ಮುರಿಯುವುದು ಹೀಗೆ: ಒಂದೇ ಬಗೆಯ ಸಾಲು ಇನ್ನೂ ಕರಗದೆ ಇರುವಾಗ ಮತ್ತೆ ಬಂದರೆ ಅದರ ತೂಕ ಅರ್ಧ. ಎರಡನೇ ಶಾಲು 10, ಮೂರನೆಯದು 5. ಕೆಟ್ಟದಕ್ಕೆ ಉಲ್ಟಾ. ತೂಬನ್ನು ಎರಡನೇ ಸಲ ಮುಚ್ಚಿದರೆ ಹೊಸ ಸಾಲು ಬರುವುದಲ್ಲದೆ ಹಳೆಯದು ಮತ್ತೆ ಪೂರ್ತಿ ತೂಕಕ್ಕೆ ಏರುತ್ತದೆ. ಊರಲ್ಲಿ ಜಗಳ ನೋಡಿದವರಿಗೆ ಇದು ಗೊತ್ತು. ಮಾತು ಶುರುವಾಗುವುದು ಇವತ್ತಿನ ಬದುವಿನಿಂದ, ಮುಗಿಯುವುದು ಅಜ್ಜನ ಕಾಲದ ಬಾವಿಯ ಹತ್ತಿರ.

ಪುಸ್ತಕ ಒಮ್ಮುಖ. ಅವನಿಗೆ ಇವನ ಮೇಲೆ ಇರುವುದು ಬೇರೆ, ಇವನಿಗೆ ಅವನ ಮೇಲೆ ಇರುವುದು ಬೇರೆ. 150 ಜನಕ್ಕೆ 22,350 ಜೋಡಿ ಆಗುತ್ತವೆ, ಹೆದರಬೇಡಿ. ಬಹುಪಾಲು ಖಾಲಿ. ಸಾಲು ಇದ್ದವರದ್ದನ್ನು ಮಾತ್ರ ಇಟ್ಟುಕೊಳ್ಳಿ. ಒಂದಕ್ಕಿಂತ ಕಡಿಮೆ ಬೆಲೆಗೆ ಇಳಿದ ಸಾಲನ್ನು ಹರಿದು ಹಾಕಿ.

ಅಪ್ಪ ಸತ್ತಾಗ ಪುಸ್ತಕ ಮಗನ ಕೈಗೆ ಬರುತ್ತದೆ. ಹಗೆಯ ಸಾಲು ಅರ್ಧ ತೂಕದಲ್ಲಿ, ಉಪಕಾರದ ಸಾಲು ಕಾಲು ತೂಕದಲ್ಲಿ. ಇದು ಅನ್ಯಾಯ ಅನ್ನಿಸಬಹುದು. ಎರಡನ್ನೂ ಸಮ ಮಾಡಿ ಆಡಿ ನೋಡಿದೆ, ಎರಡು ತಲೆಮಾರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರಾಗಿ ಆಟ ತಣ್ಣಗಾಯಿತು.

ಇನ್ನು ಬೀಗತನ. ಹೆಣ್ಣು ಕೊಟ್ಟು ತಂದರೆ ಸುಮ್ನೆ +30 ಹಾಕಿ ಬಿಡುವುದು ದೊಡ್ಡ ತಪ್ಪು. ಬೀಗರಾದ ಮೇಲೆ ನಿರೀಕ್ಷೆ ಹುಟ್ಟುತ್ತದೆ. ನನ್ನ ಗೇಮಿನಲ್ಲಿ ಮದುವೆಗೆ +10 ಮಾತ್ರ. ಆದರೆ ಬೀಗನ ಮೇಲೆ ಯಾರಾದರೂ ದಂಡೆತ್ತಿ ಬಂದಾಗ ಹೋಗಿ ನಿಂತರೆ +25, ಹೋಗದಿದ್ದರೆ −35. ಬೇರೆಯವನು ಬಾರದಿದ್ದರೆ −5ರಲ್ಲಿ ಮುಗಿಯುತ್ತಿತ್ತು. ಮದುವೆ ಸಂಬಂಧವನ್ನು ಏರಿಸುವುದಕ್ಕಿಂತ ಅದರ ಏರಿಳಿತವನ್ನು ದೊಡ್ಡದು ಮಾಡುತ್ತದೆ. ಹೆಣ್ಣು ಕೊಟ್ಟ ಮನೆಯಿಂದಲೇ ಮತ್ತೆ ಹೆಣ್ಣು ತರುವುದು, ಸೋದರಮಾವನ ಮಗಳನ್ನು ತರುವುದು, ಇವನ್ನೂ ಸೇರಿಸಿದೆ. ಅದರಿಂದ ಎರಡು ಮನೆಗಳ ಪುಸ್ತಕ ತಲೆಮಾರಿಗೊಮ್ಮೆ ಹೊಸದಾಗುತ್ತದೆ.

ಕೆಲವು ಸಾಲು ಬೇಗ ಕರಗುವುದು, ಕೆಲವು ನಿಧಾನ ಕರಗುವುದು ಅನ್ನುವ ಈ ಎರಡು ಪದರದ ಯೋಚನೆ ನನ್ನದೇನಲ್ಲ. 2004ರ ದಿ ಸಿಮ್ಸ್ 2ರಲ್ಲೇ ದಿನದ ಸಂಬಂಧಕ್ಕೆ ಒಂದು ಅಂಕಿ, ಬಾಳಿನ ಸಂಬಂಧಕ್ಕೆ ಇನ್ನೊಂದು ಅಂಕಿ ಇತ್ತು. ಪುಸ್ತಕ ಅದನ್ನೇ ಸಾಲು ಸಾಲಾಗಿ ಬಿಡಿಸುತ್ತದೆ.

ಹೆಜ್ಜೆ 7: ನಿಷ್ಠೆ

ಪ್ರೀತಿಯೂ ನಿಷ್ಠೆಯೂ ಒಂದೇ ಅಂದುಕೊಂಡಿದ್ದು ನನ್ನ ಮೊದಲ ಗೇಮಿನ ಮೂಲ ತಪ್ಪು. ಒಡೆಯನನ್ನು ಕಂಡರೆ ಆಗದವನೂ ಕಪ್ಪ ಕಟ್ಟುತ್ತಾನೆ, ಬೇರೆ ದಾರಿ ಇರುವುದಿಲ್ಲ. ಹಾಗಾಗಿ ಪ್ರತಿ ಟರ್ನಿನಲ್ಲೂ ಪಾಳೆಯಗಾರ ಎರಡು ಮೊತ್ತ ಕೂಡುತ್ತಾನೆ. ಇದ್ದರೆ ಏನು? ಬಿಟ್ಟರೆ ಏನು?

‘ಇದ್ದರೆ’ ಅನ್ನುವುದರಲ್ಲಿ ನಾಲ್ಕು ಸೇರುತ್ತವೆ: ಋಣದ ಪುಸ್ತಕದ ಮೊತ್ತ, ಭಯ, ಲಾಭ, ಹಕ್ಕು. ‘ಬಿಟ್ಟರೆ’ ಅನ್ನುವುದರಲ್ಲಿ ಎರಡು: ಇನ್ನೊಬ್ಬ ಒಡೆಯ ಏನು ಕೊಡುತ್ತಾನೆ, ಮತ್ತು ಇವನ ಸ್ವಂತ ಆಸೆ ಎಷ್ಟು.

ಯಂತ್ರವೇ ಹುಟ್ಟಿಸಿದ ಹಳೇಕೋಟೆ ಅನ್ನುವ ಪಾಳ್ಯದ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಋಣ +18. ಭಯ: ಒಡೆಯನ ದಂಡು 3000. ಇವನದು 600, ಕೋಟೆ ಇರುವುದರಿಂದ ಎರಡರಷ್ಟು, 1200. ಭಾಗಿಸಿದರೆ 2.5, ಹತ್ತರಿಂದ ಗುಣಿಸಿ 25. ಒಡೆಯನ ಊರು ಐದು ದಿನದ ಹಾದಿ, ದಿನಕ್ಕೆ 2 ಕಳೆದರೆ 15. ಲಾಭ: ಕಟ್ಟುವ ಕಪ್ಪ 400 ವರಹ, ಸಿಗುವ ಸುಂಕ 250. 150 ಕೈಯಿಂದ ಹೋಗುತ್ತಿದೆ, 15 ವರಹಕ್ಕೆ ಒಂದರಂತೆ −10. ಹಕ್ಕು: ಒಡೆಯನ ಮನೆತನವೇ ಇವನ ಅಜ್ಜನಿಗೆ ಪಾಳ್ಯ ಕೊಟ್ಟಿದ್ದು, +12. ಒಟ್ಟು 35.

ಬಿಟ್ಟರೆ: ನೆರೆಯ ದೊಡ್ಡವನ ಆಹ್ವಾನ 14, ಸ್ವಂತ ಆಸೆ 10. ಒಟ್ಟು 24. ವ್ಯತ್ಯಾಸ +11. ಸದ್ಯಕ್ಕೆ ಇದ್ದಾನೆ.

ಈಗ ಒಡೆಯ ಒಂದು ಕಾಳಗದಲ್ಲಿ ಸೋತು 900 ಜನ ಉಳಿದರು ಅನ್ನಿ. 900ನ್ನು 1200ರಿಂದ ಭಾಗಿಸಿದರೆ 0.75, ಭಯ 7.5. ಹಾದಿಯ 10 ಕಳೆದರೆ ಸೊನ್ನೆಗೂ ಕೆಳಗೆ, ಅಂದರೆ ಸೊನ್ನೆ. ಒಂದೇ ಟರ್ನಿನಲ್ಲಿ 35 ಇದ್ದದ್ದು 20 ಆಯಿತು. ವ್ಯತ್ಯಾಸ −4.

ಇಲ್ಲಿ ‘ದಂಗೆ!’ ಅಂತ ಬಾವುಟ ಹಾರಿಸಬೇಡಿ. ಇತಿಹಾಸ ನೋಡಿ. ವಿಜಯನಗರ ಸೋತಿದ್ದು 1565ರಲ್ಲಿ. ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ಕಿತ್ತುಕೊಂಡಿದ್ದು 1610ರಲ್ಲಿ. ನಡುವೆ 45 ವರ್ಷ! ಆಮೇಲೂ ಎಷ್ಟೋ ಕಾಲ ಹೆಸರಿಗೆ ಆ ಅರಸರೇ ಒಡೆಯರು. ಹೊರಗಿನ ನಿಷ್ಠೆ ಹಾಗೇ ಇರುತ್ತದೆ, ಒಳಗೆ ಟೊಳ್ಳಾಗುತ್ತಾ ಹೋಗುತ್ತದೆ. ಇದನ್ನು ಗೇಮಿಗೆ ತರಲು ಮೆಟ್ಟಿಲು ಮಾಡಿ:

+10ಕ್ಕಿಂತ ಮೇಲೆ: ಕಪ್ಪ ಪೂರ್ತಿ, ಸಮಯಕ್ಕೆ ಸರಿಯಾಗಿ.
0ಯಿಂದ +10: ಕಪ್ಪ ಬರುತ್ತದೆ, ಒಂದು ಟರ್ನ್ ತಡವಾಗಿ.
−10ರಿಂದ 0: ಕಪ್ಪ ಅರ್ಧ. ದಂಡು ಕೇಳಿದರೆ ಬಿತ್ತನೆ ನೆಪ.
−25ರಿಂದ −10: ಕಪ್ಪ ಇಲ್ಲ, ದರ್ಬಾರಿಗೆ ತಾನು ಬರದೆ ಮಗನನ್ನು ಕಳಿಸುತ್ತಾನೆ. ಒಳಗೊಳಗೇ ನೆರೆಯವನ ಜೊತೆ ಮಾತು.
ಅದಕ್ಕೂ ಕೆಳಗೆ: ತಿರುಗಿ ಬೀಳುತ್ತಾನೆ.

ಒಂದು ಟರ್ನಿಗೆ ಒಂದೇ ಮೆಟ್ಟಿಲು ಇಳಿಯಬಹುದು. ಹತ್ತಲು ಎರಡು ಟರ್ನ್ ಬೇಕು. ಆಟಗಾರನಿಗೆ ಅಂಕಿ ತೋರಿಸಬೇಡಿ, ತಡವಾದ ಕಪ್ಪ ತೋರಿಸಿ. ‘ಇವನು ನಿಜವಾಗಲೂ ಬಿತ್ತನೆಗೆ ಅಂದನಾ?’ ಅಂತ ಅವನು ಯೋಚಿಸಬೇಕು. ಕೆಲವು ಸಲ ನಿಜವಾಗಲೂ ಬಿತ್ತನೆಯೇ ಇರಲಿ. ಬರ ಬಂದಾಗ ನಿಷ್ಠೆ ಇರುವವನ ಕಪ್ಪವೂ ತಡವಾಗಲಿ. ಆಗ ಆಟಗಾರ ತಪ್ಪು ಮನುಷ್ಯನ ಮೇಲೆ ದಂಡೆತ್ತಿ ಹೋಗುತ್ತಾನೆ. ಅಲ್ಲಿಂದ ಶುರುವಾಗುವ ಕಥೆಗಳನ್ನು ನೀವು ಕೂತು ಬರೆದರೂ ಬರುವುದಿಲ್ಲ.

ಹೆಜ್ಜೆ 8: ದಳವಾಯಿ ಮತ್ತು ಸಂಬಳ

ಮನೆಯೊಳಗಿನ ನಿಷ್ಠೆಗೆ ಇದೇ ಲೆಕ್ಕ ಸಾಕು, ಒಂದು ಸಣ್ಣ ಸೇರ್ಪಡೆಯೊಂದಿಗೆ. ದಂಡಿಗೂ ಒಂದು ಪುಸ್ತಕ ಇಡಿ. ಅದರಲ್ಲಿ ಒಂದೇ ಬಗೆಯ ಸಾಲು: ಈ ಟರ್ನ್ ಸಂಬಳ ಯಾರ ಕೈಯಿಂದ ಬಂತು.

18ನೇ ಶತಮಾನದ ಮೈಸೂರು ಇದಕ್ಕೆ ಪಾಠ. ದಳವಾಯಿ ದೇವರಾಜಯ್ಯ, ನಂಜರಾಜಯ್ಯ ಸೋದರರ ಕೈಯಲ್ಲಿ ಅಧಿಕಾರ, ಅರಸರು ಹೆಸರಿಗೆ. ಖಜಾನೆ ಬರಿದಾಗಿ ದಂಡಿಗೆ ಸಂಬಳ ಬಾಕಿ ಬಿದ್ದು ಗಲಾಟೆ ಎದ್ದಾಗ ಅದನ್ನು ಬಗೆಹರಿಸಿ ಮೇಲೆ ಬಂದವನು ಹೈದರ್ ಅಲಿ. 1761ರ ಹೊತ್ತಿಗೆ ರಾಜ್ಯವೇ ಅವನ ಕೈಯಲ್ಲಿತ್ತು. ಗೇಮಿನಲ್ಲಿ ಆಟಗಾರ ‘ಸಂಬಳವನ್ನು ದಳವಾಯಿ ಹಂಚಲಿ’ ಅನ್ನುವ ಗುಂಡಿ ಒತ್ತಬಹುದು. ಕೆಲಸ ಕಡಿಮೆ, ಖರ್ಚೂ ಸ್ವಲ್ಪ ಕಡಿಮೆ. ಹತ್ತು ವರ್ಷ ಏನೂ ಆಗುವುದಿಲ್ಲ. ದಂಡಿನ ಪುಸ್ತಕದ ಸಾಲುಗಳೆಲ್ಲ ದಳವಾಯಿಯ ಹೆಸರಿಗೆ ಬೀಳುತ್ತಿರುತ್ತವೆ, ಅಷ್ಟೇ.

ಹೆಜ್ಜೆ 9: ಆಟಗಾರ ಬರುವ ಮುಂಚಿನ 60 ವರ್ಷ

ಹೊಸ ಲೋಕದಲ್ಲಿ ಪುಸ್ತಕಗಳೆಲ್ಲ ಖಾಲಿ. ಹಾಗೇ ಆಟ ಶುರು ಮಾಡಿದರೆ ಮೊದಲ 20 ವರ್ಷ ಸಪ್ಪೆ. 2006ರಲ್ಲಿ ಬಂದ ಡ್ವಾರ್ಫ್ ಫೋರ್ಟ್ರೆಸ್ ಇದಕ್ಕೆ ದಾರಿ ತೋರಿಸಿದೆ: ಆಟಕ್ಕೆ ಮುಂಚೆ ಲೋಕದ ಇತಿಹಾಸವನ್ನೇ ನಡೆಸಿಬಿಡುತ್ತದೆ. ನಾವೂ ಆಟಗಾರನಿಲ್ಲದೆ 180 ಟರ್ನ್ ಓಡಿಸೋಣ. ಚಿತ್ರ, ಸದ್ದು ಏನೂ ಬೇಡ, ಬರೀ ಲೆಕ್ಕ.

ಕೊನೆಗೆ ಸತ್ತವರನ್ನೂ ಕರಗಿದ ಸಾಲುಗಳನ್ನೂ ತೆಗೆಯಿರಿ. ಆದರೆ ಬದುಕಿರುವವರ ಪುಸ್ತಕದಲ್ಲಿ ಹೆಸರಿರುವ ಸತ್ತವರನ್ನು ಉಳಿಸಿ. ‘ನಿಮ್ಮಜ್ಜ ನಮ್ಮ ಕೆರೆ ಒಡೆಸಿದ’ ಅನ್ನುವಾಗ ಆ ಅಜ್ಜನಿಗೊಂದು ಹೆಸರು ಬೇಕು.

ಹೆಜ್ಜೆ 10: ‘ಯಾಕೆ’ ಪರದೆ

ಕ್ರುಸೇಡರ್ ಕಿಂಗ್ಸ್ ಆಡಿದವರಿಗೆ ಇದು ಗೊತ್ತು. ಒಬ್ಬನ ಅಭಿಪ್ರಾಯದ ಅಂಕಿ ಮೇಲೆ ಮೌಸ್ ಇಟ್ಟರೆ ಅದು ಯಾವ ಯಾವ ಕಾರಣಗಳಿಂದ ಆಯಿತು ಅಂತ ಪಟ್ಟಿ ಬರುತ್ತದೆ. ನಮ್ಮ ಪುಸ್ತಕ ಸಾಲುಗಳಲ್ಲೇ ಇರುವುದರಿಂದ ಇದು ಪುಕ್ಕಟೆ ಸಿಗುತ್ತದೆ. ಆದರೆ ಎಲ್ಲವನ್ನೂ ತೋರಿಸಬಾರದು. ಆಟಗಾರ ತಾನೇ ಮಾಡಿದ್ದು ಕಾಣಲಿ, ಅವನ ಶಾನುಭೋಗನಿಗೆ ಸುದ್ದಿ ತಲುಪಿದ್ದು ಕಾಣಲಿ. ಉಳಿದದ್ದಕ್ಕೆ ‘ಬೇರೆ ಏನೋ ಇದೆ’ ಅನ್ನುವ ಒಂದೇ ಸಾಲು. ಸುದ್ದಿ ಟರ್ನಿಗೆ ಒಂದು ಪಾಳ್ಯದಂತೆ ದಾರಿಗುಂಟ ಹರಡಲಿ.

ಅಂಕಿಗಳನ್ನು ಮಾತಾಗಿ ಬದಲಿಸಲು ಮರೆಯಬೇಡಿ. ‘−15, ನೀರು, 3 ವರ್ಷ’ ಅನ್ನುವ ಬದಲು ‘ಮೂರು ವರ್ಷದ ಹಿಂದಿನ ಬರದಲ್ಲಿ ನೀವು ತೂಬು ಮುಚ್ಚಿಸಿದಿರಿ’. ಹಿರಿಯ ಪಾಳೆಯಗಾರ ಆಟಗಾರನನ್ನು ಏಕವಚನದಲ್ಲಿ ಮಾತಾಡಿಸಲಿ, ಕಿರಿಯವನು ‘ಬುದ್ಧಿ’ ಅನ್ನಲಿ, ಬೀಗ ‘ಬೀಗರೇ’ ಅನ್ನಲಿ. ಒಂದು ದಿನ ಬೀಗ ‘ಬೀಗರೇ’ ಬಿಟ್ಟು ಬರೀ ಹೆಸರು ಹಿಡಿದು ಕರೆದರೆ ಆಟಗಾರನಿಗೆ ತಣ್ಣಗೆ ಬೆವರುತ್ತದೆ.

ಹೆಜ್ಜೆ 11: ರಾತ್ರಿ ಓಡಿಸಿ, ಬೆಳಿಗ್ಗೆ ನೋಡಿ

ಮಲಗುವ ಮುಂಚೆ 200 ಬೇರೆ ಬೇರೆ ಸೀಡ್ ಕೊಟ್ಟು, ಆಟಗಾರನಿಲ್ಲದೆ 50 ವರ್ಷ ಓಡಲು ಬಿಡಿ. ಪ್ರತಿ ಓಟಕ್ಕೂ ಮೂರೇ ಅಂಕಿ ಬರೆದಿಡಿ: ಕೊನೆಗೆ ಎಷ್ಟು ಪಾಳ್ಯ ಉಳಿದವು, ಎಷ್ಟು ದಂಗೆ ಆದವು, ದೊಡ್ಡವನ ಕೈಯಲ್ಲಿ ಎಷ್ಟು ನೆಲ ಇದೆ. ಎಲ್ಲದರಲ್ಲೂ ಒಬ್ಬನೇ ಎಲ್ಲರನ್ನೂ ನುಂಗಿದ್ದರೆ ಭಯದ ಅಂಕಿ ಜಾಸ್ತಿಯಾಗಿದೆ. ಹಾದಿಗೆ ಕಳೆಯುವ 2ನ್ನು 3 ಮಾಡಿ. ಯಾರೂ ಅಲುಗಾಡದಿದ್ದರೆ ಬರ ಸಾಕಾಗುತ್ತಿಲ್ಲ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ. ಎರಡು ಬದಲಿಸಿದ ರಾತ್ರಿಗಳೆಲ್ಲ ನನಗೆ ದಂಡವಾಗಿವೆ.

ಸರಾಸರಿ ನೋಡಿ ಖುಷಿಪಡಬೇಡಿ. ಅತಿ ವಿಚಿತ್ರವಾದ ಐದು ಓಟಗಳನ್ನು ತೆರೆದು ಪುಸ್ತಕಗಳನ್ನು ಓದಿ. ಒಂದು ಸೀಡಿನಲ್ಲಿ ಒಂದೂ ದಂಗೆ ಇರಲಿಲ್ಲ. ನೋಡಿದರೆ ಎಲ್ಲ ಕೆರೆಗಳೂ ಒಬ್ಬನೇ ಪಾಳೆಯಗಾರನ ಸೀಮೆಯಲ್ಲಿ ಬಿದ್ದಿದ್ದವು. ಉಳಿದ 23 ಜನ ಅವನ ತೂಬಿಗೆ ಕೈಮುಗಿದು ಕೂತಿದ್ದರು. ಅದನ್ನು ಸರಿ ಮಾಡುವುದೋ ಬೇಡವೋ ಅಂತ ಒಂದು ವಾರ ಯೋಚಿಸಿ ಹಾಗೇ ಬಿಟ್ಟೆ.

ಹೆಜ್ಜೆ 12: ಸೇವ್

ಸೀಡ್ ಇದೆಯಲ್ಲ, ನೆಲವನ್ನು ಯಾಕೆ ಸೇವ್ ಮಾಡಬೇಕು, ತೆರೆದಾಗ ಮತ್ತೆ ಹುಟ್ಟಿಸಿದರಾಯಿತು ಅಂತ ಅಂದುಕೊಳ್ಳುತ್ತೀರಿ. ಬೇಡ. 16,384 ಚೌಕ, ಚೌಕಕ್ಕೆ ಎರಡು ಬೈಟ್, ಎತ್ತರವೆಲ್ಲ ಸೇರಿ 32 ಕೆಬಿ. ಫೋನಿನ ಒಂದು ಫೋಟೋದ ಮೂಲೆಯಷ್ಟೂ ಇಲ್ಲ. ಎತ್ತರ, ಕೆರೆ, ಗಡಿ, ಪುಸ್ತಕ, ಮೂರು ದಾಳಗಳ ಸದ್ಯದ ಸ್ಥಿತಿ, ಗೇಮಿನ ಆವೃತ್ತಿ ಸಂಖ್ಯೆ, ಎಲ್ಲವನ್ನೂ ಬರೆದಿಡಿ.

ನಾನು ಸೀಡ್ ಮಾತ್ರ ಇಟ್ಟಿದ್ದೆ. ಒಂದು ಸಂಜೆ ನಾಯ್ಸಿನ ಒಂದು ಅಂಕಿ ಸ್ವಲ್ಪ ತಿದ್ದಿದೆ. ಮಾರನೇ ದಿನ ಅಕ್ಕನ ಮಗ ತನ್ನ ಹಳೇ ಆಟ ತೆರೆದ. ಹಳ್ಳ ಬೇರೆ ಕಡೆ ಹರಿದು, ಅವನು 30 ವರ್ಷ ಕಾಪಾಡಿಕೊಂಡು ಬಂದ ಕೋಟೆ ಕೆರೆಯ ನಟ್ಟನಡುವೆ ಮುಳುಗಿತ್ತು. ಒಳಗೆ ಶಾನುಭೋಗ ಆ ಟರ್ನಿನ ಕಪ್ಪದ ಲೆಕ್ಕ ಒಪ್ಪಿಸುತ್ತಿದ್ದ.